ಮೊದಲ ದಮ್ಮಿಗೆ ಕೆಮ್ಮು ಬರಬಾರದು

ಫೆಬ್ರವರಿ 9

ತಮ್ಮಾ,

ಕವರಿನ ಮೇಲಿನ ಕೈಬರಹ ನೋಡಿಯೇ ನಿನ್ನ ಹುಬ್ಬು ಗಂಟಿಕ್ಕಿರುತ್ತದೆ. ಗಂಟು ಹಾಗೇ ಇರಲಿ, ಕಾಗದ ಮಾತ್ರ ಹರಿಯಬೇಡ. ಫೋನ್ ಮಾಡಬಹುದಿತ್ತು. ಮಾಡಿದರೆ ಮೂರನೆಯ ಮಾತಿಗೆ ನಾನು ಕೂಗುತ್ತೇನೆ, ನಾಲ್ಕನೆಯದಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ಕೂಗಿದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬಹುದು.

ನಾಲ್ಕು ವರ್ಷದ ಹಿಂದೆ, ನಿನಗೆ ಬಡ್ತಿ ಸಿಕ್ಕ ಖುಷಿಗೆ ಇಟ್ಟುಕೊಂಡ ಊಟದಲ್ಲಿ, ನಿನ್ನ ಸಿಗರೇಟು ಕಂಪನಿಯವರೆಲ್ಲರ ಎದುರಿಗೆ "ಇವನು ವಿಷಕ್ಕೆ ಸಕ್ಕರೆ ಸವರೋನು" ಎಂದವಳು ನಾನು. ಎಂದ ಮಾತು ತಪ್ಪಲ್ಲ, ಎಂದ ಜಾಗ ತಪ್ಪು. ಇಷ್ಟು ಕ್ಷಮೆ ಸಾಕು ಎಂದುಕೊಳ್ಳುತ್ತೇನೆ. ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಇಲ್ಲ.

ಈಗ ಕೆಲಸದ ಮಾತು. ಆರೋಗ್ಯ ಇಲಾಖೆಯ ನಮ್ಮ ವಿಭಾಗದಲ್ಲಿ ಇರುವುದು ಮೂರು ಜನ, ಒಂದು ಫ್ಯಾನು. ಚಿಕ್ಕವರನ್ನು ತಂಬಾಕಿನಿಂದ ದೂರ ಇಡುವುದು ನಮ್ಮ ಪಾಲಿಗೆ ಬಂದ ಕೆಲಸ. ಎರಡು ವರ್ಷ ತಿದ್ದಿ ತೀಡಿ ಒಂದು ಕಾಯ್ದೆಯ ಕರಡು ಬರೆದಿದ್ದೇವೆ. ನಾಲ್ಕು ಕಲಂ. ಇಪ್ಪತ್ತೊಂದು ತುಂಬದವರಿಗೆ ಮಾರಬಾರದು, ಒಂದೊಂದೇ ಬಿಡಿಯಾಗಿ ಮಾರಬಾರದು, ಶಾಲೆಯ ಹತ್ತಿರ ಮಾರಬಾರದು. ಈ ಮೂರಕ್ಕೂ ಎಲ್ಲರೂ ತಲೆಯಾಡಿಸಿದ್ದಾರೆ. ನಾಲ್ಕನೆಯದು, ಹಣ್ಣು, ಪುದೀನ, ಮಿಠಾಯಿಯ ಪರಿಮಳ ಬೆರೆಸಿದ ಸಿಗರೇಟೇ ಇರಕೂಡದು ಎಂಬುದು. ಅದರ ಹೆಸರೆತ್ತಿದರೆ ನಿಮ್ಮ ಕಂಪನಿಯ ವಕೀಲರು ಬಿದ್ದಂಬೀಳ ಓಡಿ ಬರುತ್ತಾರೆ. ಪರಿಮಳ ಇರುವುದು ಹಳೆಯ ಗ್ರಾಹಕರಿಗಂತೆ. ಮಕ್ಕಳಿಗೂ ಅದಕ್ಕೂ ಸಂಬಂಧವೇ ಇಲ್ಲವಂತೆ.

ಹೋದ ವಾರ ಒಂದು ಶಾಲೆಗೆ ಹೋಗಿದ್ದೆ. ನೀರಿನ ಟ್ಯಾಂಕಿನ ಹಿಂದೆ ಇಬ್ಬರು ಹುಡುಗಿಯರು ಸಿಕ್ಕಿಬಿದ್ದರು. ಹದಿನಾಲ್ಕು ವರ್ಷ ಇದ್ದೀತು. "ಸಿಗರೇಟ್ ಸೇದ್ತೀರೇನ್ರೇ?" ಎಂದರೆ ಒಬ್ಬಳು ನನ್ನನ್ನೇ ತಿದ್ದಿದಳು: "ಅದು ಸಿಗರೇಟ್ ಅಲ್ಲ ಮೇಡಂ, ಆಪಲ್ಲು."

ಜೂನ್ 14ಕ್ಕೆ ಶಾಸಕರ ಸಮಿತಿ ಕೂರುತ್ತದೆ. ಒಂಬತ್ತು ಜನ. ಆ ಪರಿಮಳ ಏನು ಮಾಡುತ್ತದೆ ಎಂದು ಒಳಗಿನವರು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕು. ಒಳಗಿನವರು ಎಂದರೆ ನನಗೆ ಗೊತ್ತಿರುವುದು ನೀನೊಬ್ಬನೇ.

ನಿನ್ನ ಮಗಳು ಪಿಟೀಲು ಹೇಗಿದ್ದಾಳೆ? ಹುಟ್ಟಿದಾಗ ಅತ್ತ ಹಾಗೆಯೇ ಈಗಲೂ ಅಳುತ್ತಾಳಾ, ಅಥವಾ ತಂತಿ ಸಡಿಲವಾಯಿತಾ?

ನಿನ್ನ ಅಕ್ಕ


ಫೆಬ್ರವರಿ 23

ಅಕ್ಕ,

ಕಾಗದ ಹರಿಯಲಿಲ್ಲ. ಎರಡು ಸಲ ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಹನ್ನೆರಡು ದಿನ ತಿರುಗಿದೆ. ಉತ್ತರ ಮಾತ್ರ ಇಲ್ಲ ಎಂದೇ.

ನನ್ನ ಕೆಲಸದ ಬಗ್ಗೆ ನೀನು ಭಾಷಣ ಮಾಡಿದ್ದೀಯೇ ಹೊರತು ಒಂದು ದಿನವೂ ಕೇಳಿಲ್ಲ. ಕೇಳು. ನಮ್ಮ ಕೋಣೆಗೆ ಬರುವವರು ಈರುಳ್ಳಿ ತಿನ್ನುವಂತಿಲ್ಲ, ಘಮಘಮ ಸೋಪು ಹಚ್ಚುವಂತಿಲ್ಲ. ಬಿಳಿ ಕಾಗದದ ಪಟ್ಟಿಯನ್ನು ಬಾಟಲಿಗೆ ಅದ್ದಿ ಮೂಸುತ್ತೇನೆ, ಬರೆದುಕೊಳ್ಳುತ್ತೇನೆ, ಮೂಗು ತಿಳಿಯಾಗಲಿ ಎಂದು ನನ್ನ ಮೊಣಕೈಯನ್ನೇ ಮೂಸುತ್ತೇನೆ. ಮತ್ತೊಂದು ಬಾಟಲಿ. ಹೀಗೆ ದಿನಕ್ಕೆ ನಲವತ್ತು. ಮಧ್ಯಾಹ್ನದ ಹೊತ್ತಿಗೆ ಮೂಗು ಸೋತುಹೋಗುತ್ತದೆ. ಅದಕ್ಕೇ ಹೊಸ ಮಿಶ್ರಣದ ಪ್ಯಾಕೊಂದನ್ನು ಮನೆಗೆ ತಂದು, ಬೆಳಗ್ಗೆ ಹಲ್ಲುಜ್ಜುವ ಮೊದಲು ಹೊತ್ತಿಸದೆ ಒಂದನ್ನು ಮೂಸಿ, ಗುರುತು ಹಾಕಿಕೊಂಡು, ಉಳಿದದ್ದನ್ನು ಬುಟ್ಟಿಗೆ ಎಸೆಯುತ್ತೇನೆ. ಹದಿನಾರು ವರ್ಷದ ಅಭ್ಯಾಸ. ನಾನು ಸೇದುವುದಿಲ್ಲ. ನಮ್ಮ ಕೋಣೆಯಲ್ಲಿ ಯಾರೂ ಸೇದುವುದಿಲ್ಲ, ಸೇದಿದರೆ ಮೂಗು ಹಾಳಾಗುತ್ತದೆ.

ಮಾರುವುದು ಯಾರಿಗೆ ಎಂಬುದು ಮಾರುವವರ ತಲೆನೋವು. ಬೆಳೆದವರು ತಿಳಿದೇ ಸೇದುತ್ತಾರೆ. ನಿನ್ನ ಟ್ಯಾಂಕಿನ ಹಿಂದಿನ ಹುಡುಗಿಯರಿಗೆ ಕೊಟ್ಟ ಅಂಗಡಿಯವನನ್ನು ಹಿಡಿ. ನನ್ನ ಬಾಟಲಿಗಳ ತಂಟೆಗೆ ಬರಬೇಡ. ಸಮಿತಿಗೂ ನಾನು ಬರುವುದಿಲ್ಲ. ಒಳಗಿನದನ್ನು ಹೊರಗೆ ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೇನೆ.

ಪಿಟೀಲಿಗೆ ಹದಿನೈದು ತುಂಬಿತು. ಅಳುವುದಿಲ್ಲ. ನಗುವುದೂ ಇಲ್ಲ, ನನ್ನೆದುರಿಗಂತೂ ಇಲ್ಲ. ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಾಳೆ, ಬರುವುದಿಲ್ಲ. ಅವಳಮ್ಮನಿಗೆ ಶಾಲೆಯಲ್ಲಿ ನೂರೆಂಟು ಮಕ್ಕಳ ಲೆಕ್ಕದ ಪುಸ್ತಕ ತಿದ್ದುವುದರಲ್ಲೇ ದಿನ ಮುಗಿಯುತ್ತದೆ.

ಇಷ್ಟೇ.

ತಮ್ಮ


ಮಾರ್ಚ್ 12

ಮೂಸಣ್ಣ,

ಉತ್ತರ ಇಲ್ಲ ಎಂದು ಬರೆಯಲು ಒಂದು ಪುಟ ಬೇಕಾಯಿತಲ್ಲ, ಅದಕ್ಕೇ ಧೈರ್ಯ ಮಾಡಿ ಮತ್ತೆ ಬರೆಯುತ್ತಿದ್ದೇನೆ.

ಒಂದೇ ಪ್ರಶ್ನೆ. ನಿಮ್ಮ ಕಂಪನಿಯ ಸಿಗರೇಟಿನ ತುದಿಯಲ್ಲಿ, ಹತ್ತಿಯೊಳಗೆ, ಸಾಸಿವೆ ಕಾಳಿನಷ್ಟು ಮಣಿ ಇರುತ್ತದಲ್ಲ, ಹಲ್ಲಿನಲ್ಲಿ ಒತ್ತಿದರೆ ಟಪ್ ಎಂದು ಒಡೆದು ಬಾಯಿತುಂಬ ಸ್ಟ್ರಾಬೆರಿ ಆಗುವುದು. ಅದನ್ನು ಕೊಡಿ ಎಂದು ಅರ್ಜಿ ಹಾಕಿದ ನಲವತ್ತೈದರ ಗಂಡಸು ಯಾರು? ವಿಳಾಸ ಕೊಡು, ಹೋಗಿ ಮಾತಾಡಿಸಿಕೊಂಡು ಬರುತ್ತೇನೆ.

ಅಂಗಡಿಯವರನ್ನು ಹಿಡಿದೆವು. ಈ ವರ್ಷ ನೂರ ಹನ್ನೆರಡು ಜನರನ್ನು. ದಂಡ ಕಟ್ಟಿ ಮಾರನೆಯ ದಿನವೇ ಬಾಗಿಲು ತೆಗೆದರು. ಕೇಳಿಕೊಂಡು ಬರುವ ಮಕ್ಕಳು ಕಡಿಮೆಯಾಗದೆ ಕೊಡುವವರು ಕಡಿಮೆಯಾಗುವುದಿಲ್ಲ. ಇದನ್ನು ಒಪ್ಪಲು ನನಗೇ ಆರು ವರ್ಷ ಹಿಡಿಯಿತು.

ಕರಡಿನ ನಾಲ್ಕನೆಯ ಕಲಮಿನ ಪ್ರತಿ ಇಟ್ಟಿದ್ದೇನೆ. ಆರೇ ಸಾಲು. ಓದಿ ಬೇಕಾದರೆ ಬುಟ್ಟಿಗೆ ಹಾಕು.

ಅಕ್ಕ


ಏಪ್ರಿಲ್ 2

ಅಕ್ಕ,

ಕುಳಿತಲ್ಲಿ ಕೂರಲಾಗುತ್ತಿಲ್ಲ. ಮೂರು ದಿನದಿಂದ ಬಾಲ ಸುಟ್ಟ ಬೆಕ್ಕಿನಂತೆ ತಿರುಗುತ್ತಿದ್ದೇನೆ. ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಭಾನುವಾರ ಪಿಟೀಲಿನ ಸ್ವೆಟರ್ ಕುರ್ಚಿಯ ಮೇಲಿತ್ತು. ಒಗೆಯಲು ಹಾಕೋಣವೆಂದು ಎತ್ತಿಕೊಂಡೆ. ಮೂಗಿಗೆ ಹಿಡಿದೆ. ಹಸಿರು ಸೇಬು, ಪುದೀನ, ಅಡಿಯಲ್ಲಿ ಜೇನು. ಅದು ಮೂವತ್ತೊಂದು, ಅಕ್ಕ. ಒಂದೂವರೆ ವರ್ಷ ನಾನು ತಿದ್ದಿದ ಮಿಶ್ರಣದ ನಂಬರು ಅದು. ಇನ್ನೂ ಹೆಸರಿಟ್ಟಿಲ್ಲ. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನನ್ನ ಬಟ್ಟೆಯಿಂದ ಅಂಟಿರಬಹುದು ಎನ್ನುತ್ತೀಯ. ಇಲ್ಲ. ನನ್ನ ಬಟ್ಟೆಯಲ್ಲಿ ಇರುವುದು ಹಸಿ ಮೂವತ್ತೊಂದು. ಸ್ವೆಟರಿನಲ್ಲಿ ಇದ್ದದ್ದು ಸುಟ್ಟದ್ದು. ಸುಟ್ಟಾಗ ಜೇನು ಸ್ವಲ್ಪ ಕಹಿಯಾಗಿ ಹಿಂದೆ ಉಳಿಯುತ್ತದೆ. ಅದನ್ನು ಹೋಗಲಾಡಿಸಲು ನಾಲ್ಕು ತಿಂಗಳು ಹೆಣಗಿ ಸೋತವನು ನಾನು. ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಮಿಶ್ರಣ ಇರುವುದು ನಮ್ಮ ಕೋಣೆಯ ಬೀರುವಿನಲ್ಲಿ ಮತ್ತು ಮಾರಾಟದವರ ಬೀರುವಿನಲ್ಲಿ. ಸೋಮವಾರ ನಮ್ಮದನ್ನು ತೆಗೆದು ನೋಡಿದೆ, ಎಲ್ಲ ಸರಿಯಿದೆ. ಹಾಗಾದರೆ ಮಾರಾಟದವರೇ ಹೊರಗೆ ಹಂಚುತ್ತಿದ್ದಾರೆ. ಮಾರುಕಟ್ಟೆಗೆ ಬಿಡುವ ಮೊದಲು ರುಚಿ ನೋಡಿಸಲು, ಶಾಲೆಯ ಮಕ್ಕಳ ಕೈಗೆ!

ಇನ್ನೊಂದು ಮಾತು. ಇದನ್ನು ಬರೆಯಲು ಕೈ ಹಿಂದೆಗೆಯುತ್ತಿದೆ. ಹೊಸ ಮಿಶ್ರಣ ಶುರುವಾಗುವಾಗ ಮಾರಾಟದವರಿಂದ ಒಂದು ಚೀಟಿ ಬರುತ್ತದೆ, ಏನೇನಿರಬೇಕು ಎಂದು. ಮೂವತ್ತೊಂದರ ಚೀಟಿ ನನ್ನ ಮೇಜಿನ ಎದುರಿನ ಗೋಡೆಗೇ ಚುಚ್ಚಿದೆ. ಮೊದಲ ಸಾಲು: "ಮೊದಲ ದಮ್ಮಿಗೆ ಕೆಮ್ಮು ಬರಬಾರದು." ಒಂದೂವರೆ ವರ್ಷ ದಿನಾ ಓದಿದ್ದೇನೆ. ಪುದೀನ ಗಂಟಲನ್ನು ತಣ್ಣಗೆ ಮರಗಟ್ಟಿಸುತ್ತದೆ, ಜೇನು ಒರಟನ್ನು ಮುಚ್ಚುತ್ತದೆ, ಲೆಕ್ಕ ಬಿಡಿಸಿದಂತೆ ಬಿಡಿಸಿದೆ. ಬಿಡಿಸಿದ ದಿನ ಕೋಣೆಯವರಿಗೆಲ್ಲ ಕೇಕ್ ತರಿಸಿದೆ.

ನಿನ್ನೆ ಆ ಚೀಟಿಯ ಮುಂದೆ ನಿಂತಾಗ ಹೊಳೆಯಿತು. ಸೇದಿ ಹಳಬರಾದವರು ದಮ್ಮೆಳೆದ ಕೂಡಲೇ ಕೆಮ್ಮುವುದಿಲ್ಲ ಅಕ್ಕ. ಅವರ ಮೊದಲ ದಮ್ಮು ಮುಗಿದು ಇಪ್ಪತ್ತು ವರ್ಷ ಆಗಿರುತ್ತದೆ.

ಏನು ಮಾಡಲಿ ಹೇಳು.

ತಮ್ಮ


ಏಪ್ರಿಲ್ 8

ತಮ್ಮಾ,

ನಿನ್ನ ಕಾಗದ ಓದಿ ಮೊದಲು ನನಗಾದದ್ದು ಸಂತೋಷ. ಸಿಕ್ಕರು ಎಂದುಕೊಂಡೆ. ಆಮೇಲೆ, ಸ್ವೆಟರ್ ಯಾರದು ಎಂಬುದು ತಲೆಗೆ ಹೋಯಿತು. ಆ ಎರಡರ ನಡುವೆ ಎಷ್ಟು ಹೊತ್ತು ಹೋಯಿತು ಎಂದು ಕೇಳಬೇಡ, ಹೇಳಲು ನಾಚಿಕೆಯಾಗುತ್ತದೆ.

ಮೊದಲು ಮಗಳನ್ನು ಕೇಳು. ಕೂಗಾಡಬೇಡ, ಪೊಲೀಸರಂತೆ ಕೆಣಕಬೇಡ. "ಎಲ್ಲಿ ಸಿಕ್ತು?" ಅಷ್ಟೇ ಕೇಳು.

ಆಮೇಲೆ ಸಮಿತಿ. ಇನ್ನೂ ಬಿಡದ ಸಿಗರೇಟನ್ನು ಕಂಪನಿಯೇ ಮಕ್ಕಳಿಗೆ ಹಂಚಿದೆ ಎಂದು, ಅದನ್ನು ಬೆರೆಸಿದವನೇ ಎದ್ದು ನಿಂತು ಹೇಳಿದರೆ, ನಾಲ್ಕನೆಯ ಕಲಮನ್ನು ಅಲ್ಲಾಡಿಸಲು ಯಾರಿಂದಲೂ ಆಗದು. ಮುಂಚೆಯೇ ಲಿಖಿತ ಹೇಳಿಕೆ ಕೊಡಬೇಕು. ನಿನ್ನ ಕೆಲಸ ಹೋಗುತ್ತದೆ. ಹೋಗಲಾರದು ಎಂದು ಸುಳ್ಳು ಹೇಳುವುದಿಲ್ಲ. ಚೀಟಿ ಗೋಡೆಯಿಂದ ಕಾಣೆಯಾಗುವ ಮೊದಲು ಒಂದು ನಕಲು ತೆಗೆದಿಟ್ಟುಕೊ.

ಅಕ್ಕ


ಏಪ್ರಿಲ್ 29

ಅಕ್ಕ,

ಕೇಳಿದೆ. ನೀನು ಹೇಳಿದ ಹಾಗೆಯೇ ಶುರು ಮಾಡಿದೆ, ಮುಗಿಯುವಾಗ ಕೂಗಾಟವಾಗಿತ್ತು. ಮೊದಲು "ಏನೂ ಇಲ್ಲ" ಎಂದಳು. ಆಮೇಲೆ "ಯಾರೋ ಕೊಟ್ರು." ಯಾರು? "ಯಾರೋ." ಗಂಡಸೋ ಹೆಂಗಸೋ? "ನೋಡ್ಲಿಲ್ಲ." ಕೊಟ್ಟವರ ಮುಖ ನೋಡದೆ ಯಾರಾದರೂ ಏನನ್ನಾದರೂ ಈಸಿಕೊಳ್ಳುತ್ತಾರಾ? ಹೆದರಿಸಿದ್ದಾರೆ ಅವಳನ್ನು, ನನಗೆ ಖಾತ್ರಿ.

ಎಂಟು ದಿನ ರಜೆ ಹಾಕಿ ಅವಳ ಶಾಲೆಯ ಗೇಟಿನ ಎದುರು ನಿಂತೆ. ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಹಂಚುವವರು ಒಬ್ಬರಾದರೂ ಕಾಣುತ್ತಾರೆ ಎಂದು. ಯಾರೂ ಬರಲಿಲ್ಲ. ಐದನೆಯ ದಿನ ಕಾವಲುಗಾರ ಬಂದು, "ಯಾರ್ರೀ ನೀವು? ದಿನಾ ಬಂದು ಮಕ್ಕಳನ್ನ ಮೂಸ್ತಾ ನಿಲ್ತೀರಲ್ಲ?" ಎಂದ. ನಿಜ, ಹತ್ತಿರ ಹಾದುಹೋದ ಮಕ್ಕಳನ್ನೆಲ್ಲ ಮೂಸುತ್ತಿದ್ದೆ. ನಾಲ್ಕು ಜನರಲ್ಲಿ ಮೂವತ್ತೊಂದು ಸಿಕ್ಕಿತು. ಆರು ಜನರಲ್ಲಿ ನಮ್ಮದೇ ಕಂಪನಿಯ ಹಳೆಯ ಸ್ಟ್ರಾಬೆರಿ. ಸ್ಟ್ರಾಬೆರಿಯೂ ನನ್ನದೇ.

ಹೇಳಿಕೆ ಬರೆದು ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. "ಕಂಪನಿಯ ಮಾರಾಟ ವಿಭಾಗವು ಬಿಡುಗಡೆಯಾಗದ ಮಾದರಿಯನ್ನು ಶಾಲಾ ಮಕ್ಕಳಿಗೆ ಹಂಚಿದೆ." ಚೀಟಿಯ ನಕಲೂ ಇದೆ. ಹೆಂಡತಿಗೆ ಓದಿ ಹೇಳಿದೆ. "ಸರಿ, ಕೊಡಿ" ಎಂದಳು. ಪಿಟೀಲು ಅಲ್ಲೇ ಕೂತಿದ್ದಳು. ತಟ್ಟೆ ಬಿಟ್ಟು ಎದ್ದು ಹೋದಳು.

ಹೋಗಲಿ. ಒಂದು ದಿನ ಅವಳಿಗೂ ಅರ್ಥವಾಗುತ್ತದೆ. ಎಷ್ಟೋ ವರ್ಷದ ಮೇಲೆ ನಾನು ಸರಿಯಾದದ್ದು ಮಾಡುತ್ತಿದ್ದೇನೆ ಅನಿಸುತ್ತಿದೆ.

ತಮ್ಮ


ಮೇ 20

ಅತ್ತೆ,

ನಾನು ಪಿಟೀಲು. ನಿಮ್ಮ ವಿಳಾಸ ಅಪ್ಪನ ಮೇಜಿನ ಮೇಲಿತ್ತು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಹನ್ನೊಂದು. ಅಪ್ಪನ ಬಡ್ತಿಯ ಊಟದಿಂದ ನೀವು ಎದ್ದು ಹೋಗುವಾಗ ನನ್ನ ಕೆನ್ನೆ ಹಿಂಡಿದ್ದಿರಿ, ನೋವಾಗಿತ್ತು.

ನೇರವಾಗಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೇಳಲಾಗುವುದಿಲ್ಲ. ನನಗೆ ಯಾರೂ ಕೊಟ್ಟಿಲ್ಲ. ಅಪ್ಪ ಬೆಳಗ್ಗೆ ಬುಟ್ಟಿಗೆ ಎಸೆಯುತ್ತಾರಲ್ಲ, ಅಲ್ಲಿಂದ ತೆಗೆದುಕೊಂಡೆ. ಪ್ಯಾಕಿನಿಂದ ಒಂದೇ ಒಂದು ತೆಗೆದು ಉಳಿದದ್ದನ್ನು ಹಾಗೇ ಎಸೆದಿರುತ್ತಾರೆ. ನವೆಂಬರಿನಿಂದ ತೆಗೆಯುತ್ತಿದ್ದೇನೆ. ಒಂದು ಸಲವೂ ಅವರಿಗೆ ಗೊತ್ತಾಗಲಿಲ್ಲ. ಎಸೆದ ಮೇಲೆ ಅದು ಅವರ ಕಣ್ಣಿಗೇ ಬೀಳುವುದಿಲ್ಲ.

ಯಾಕೆ ತೆಗೆದೆ ಎಂದು ಕೇಳುತ್ತೀರಿ. ಕೆಟ್ಟವಳಾಗಬೇಕು ಅಂತ ಅಲ್ಲ. ಅಪ್ಪ ತಮ್ಮ ಕೆಲಸದ ಬಗ್ಗೆ ಮನೆಯಲ್ಲಿ ಮಾತೇ ಆಡುವುದಿಲ್ಲ, ನೀವು ಅಂದು ಹಾಗೆ ಹೇಳಿದ ಮೇಲಂತೂ ಇಲ್ಲವೇ ಇಲ್ಲ. ಏನು ಮಾಡುತ್ತಾರೆ ನೋಡೋಣ ಎಂದು ಮೂಸಿದೆ. ತುಂಬ ಚೆನ್ನಾಗಿತ್ತು ಅತ್ತೆ. ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದೆ. "ನಮ್ಮಪ್ಪ ಮಾಡಿದ್ದು, ಎಲ್ಲೂ ಸಿಗಲ್ಲ" ಎಂದೆ. ಮೂಸಿದ ಮೇಲೆ ಒಬ್ಬಳು ಹೊತ್ತಿಸಿದಳು. ಕೆಮ್ಮು ಬರಲಿಲ್ಲ. ಬಂದಿದ್ದರೆ ಅಲ್ಲೇ ನಕ್ಕು ಎಸೆದುಬಿಡುತ್ತಿದ್ದೆವು. ನನ್ನನ್ನು ಬಿಟ್ಟು ಹನ್ನೊಂದು ಜನ ಆದರು. ಬುಟ್ಟಿಯದು ಸಾಲದೆ ಬಂದಾಗ ಉಳಿದವರು ಅಂಗಡಿಯಿಂದ ಸ್ಟ್ರಾಬೆರಿ ತರತೊಡಗಿದರು.

ಈಗ ಅಪ್ಪ ಎಲ್ಲರೆದುರಿಗೆ ಕಂಪನಿಯವರು ಕೊಟ್ಟರು ಎಂದು ಹೇಳಲು ಹೊರಟಿದ್ದಾರೆ. ಸುಳ್ಳು ಅಂತ ಅವರಿಗೆ ಗೊತ್ತಿಲ್ಲ. ಮೊನ್ನೆ ಅಮ್ಮನ ಹತ್ತಿರ "ಮಗಳಿಗೋಸ್ಕರ ಇಷ್ಟಾದರೂ ಮಾಡ್ತೀನಿ" ಎಂದರು. ಹೇಳಿದರೆ ಅವರು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಅವರ ಮಾನ ಹೋಗುತ್ತದೆ.

ಇನ್ನೊಂದು. ಬಿಡಬೇಕು ಎಂದುಕೊಂಡೆ, ಪರೀಕ್ಷೆ ಮುಗಿದ ದಿನ. ಎರಡು ದಿನ ತಡೆದೆ. ಮೂರನೆಯ ದಿನ ಕೈ ನಡುಗಿತು, ಅಮ್ಮನ ಮೇಲೆ ಬಟ್ಟಲು ಎಸೆದೆ. ನನ್ನಿಂದ ಬಿಡಲಾಗುತ್ತಿಲ್ಲ. ಇದು ಆಪಲ್ ತಾನೇ ಎಂದುಕೊಂಡಿದ್ದೆ.

ಪಿಟೀಲು


ಮೇ 26

ಪಿಟೀಲು,

ಕೆನ್ನೆ ಹಿಂಡಿದ್ದಕ್ಕೆ ಕ್ಷಮಿಸು. ನಿಮ್ಮಪ್ಪನಿಗೆ ಹೊಡೆಯಬೇಕೆನಿಸಿತ್ತು, ಕೈಗೆ ಸಿಕ್ಕಿದ್ದು ನೀನು.

ನೀನು ನಿಜ ಬರೆದಿದ್ದೀಯ, ನಾನೂ ಬರೆಯಬೇಕು. ನಿನ್ನ ಕಾಗದ ಬಂದದ್ದು ಗುರುವಾರ. ಇಂದು ಸೋಮವಾರ. ನಾಲ್ಕು ದಿನ ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೆ. ಹೇಳಿಕೆ ಆಗಲೇ ಸಮಿತಿಯ ಕಡತ ಸೇರಿದೆ. ಒಂಬತ್ತರಲ್ಲಿ ಆರು ಜನ ನಮ್ಮ ಕಡೆ ವಾಲಿದ್ದಾರೆ, ಅದನ್ನು ಓದಿಯೇ. ಜೂನ್ 14 ಕಳೆಯುವವರೆಗೆ ಈ ಕಾಗದ ನನಗೆ ತಲುಪಲೇ ಇಲ್ಲ ಎಂದುಕೊಂಡರೆ? ಅಂಚೆ ತಡವಾಗುವುದು ಹೊಸದೇನಲ್ಲವಲ್ಲ. ಎಷ್ಟು ಸಾವಿರ ಮಕ್ಕಳಿಗೆ ಒಳ್ಳೆಯದಾಗುತ್ತದೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ನಿಮ್ಮಪ್ಪನನ್ನು ಒಬ್ಬನೇ ಎಂದು ಕಳೆದೆ. ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ನಿಮ್ಮಪ್ಪನನ್ನು ವಿಷಕ್ಕೆ ಸಕ್ಕರೆ ಸವರೋನು ಎಂದಿದ್ದೆ, ನೆನಪಿದೆಯಲ್ಲ? ಆ ನಾಲ್ಕು ದಿನ ನನ್ನದೂ ಅದೇ ಕೆಲಸ.

ನೀನು ಅವನಿಗೆ ಹೇಳಬೇಕು. ನಾನು ಹೇಳಬಲ್ಲೆ, ಆದರೆ ನನ್ನ ಬಾಯಿಂದ ಬಂದರೆ ಅವನು ನಿನ್ನ ಮೇಲೆ ಸಿಟ್ಟಾಗುವ ಬದಲು ನನ್ನ ಮೇಲೆ ಸಿಟ್ಟಾಗಿ ತಪ್ಪಿಸಿಕೊಳ್ಳುತ್ತಾನೆ. ಜೂನ್ 3ರೊಳಗೆ ಹೇಳು. ಆಗದಿದ್ದರೆ ಅವತ್ತೇ ನಾನು ಬಸ್ಸು ಹತ್ತುತ್ತೇನೆ.

ಕೈ ನಡುಗಿದ್ದು ನಿನ್ನ ತಪ್ಪಲ್ಲ, ನಿನ್ನ ಸೊಕ್ಕೂ ಅಲ್ಲ. ಒಳಗಿರುವ ತಂಬಾಕು ಬೇಡುತ್ತದೆ. ಹಣ್ಣಿನ ವಾಸನೆ ಹಾಕಿದರೂ ಅದು ತಂಬಾಕೇ. ನಮ್ಮ ಕಚೇರಿಯ ಕೆಳಗಿನ ಅಂತಸ್ತಿನಲ್ಲಿ ಬಿಡಿಸುವ ವೈದ್ಯೆ ಇದ್ದಾರೆ. ಬೈಯುವುದಿಲ್ಲ. ಅಮ್ಮನನ್ನು ಕರೆದುಕೊಂಡು ಬಾ.

ನಿನ್ನ ಅತ್ತೆ


ಜೂನ್ 4

ಅಕ್ಕ,

ಹೇಳಿದಳು. ನಾನು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದೆ, ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದಳು.

ಬೈಯಲಿಲ್ಲ. ಬೈಯಬೇಕಿತ್ತೇನೋ. ಲೋಟ ಇಟ್ಟು ಕೆಲಸಕ್ಕೆ ಹೋದೆ. ಆಮೇಲೆ ಅವಳ ಹತ್ತಿರ ಮಾತಾಡಿಲ್ಲ. ಸಿಟ್ಟೇ ಎಂದು ಕೇಳಿದಳು ಹೆಂಡತಿ. ಸಿಟ್ಟಲ್ಲ. ಹದಿನಾರು ವರ್ಷ ಆ ಬುಟ್ಟಿ ನನ್ನ ಹಾಸಿಗೆಯಿಂದ ಮೂರು ಹೆಜ್ಜೆ ದೂರ ಇತ್ತು.

ಹೇಳಿಕೆ ವಾಪಸು ತೆಗೆದುಬಿಡು. ನಾನು ಬರುವುದಿಲ್ಲ. ಬಂದು ಏನು ಹೇಳಲಿ? ನಿನ್ನ ಎರಡು ವರ್ಷದ ಕೆಲಸ ಹಾಳು ಮಾಡಿದೆ. ನೀನು ಈ ಸಲ ಏನು ಬೈದರೂ ಫೋನ್ ಇಟ್ಟುಬಿಡುವುದಿಲ್ಲ.

ತಮ್ಮ


ಜೂನ್ 7

ತಮ್ಮಾ,

ತೆಗೆದೆ. ಕಡತದಿಂದ ಹಾಳೆ ಬಿಡಿಸಿ ಕೊಡುವಾಗ ಗುಮಾಸ್ತರು, "ಇದೇ ಮೇಡಂ ನಿಮ್ಮ ಹತ್ರ ಇದ್ದಿದ್ದು" ಎಂದರು. ಹೌದು ಎಂದೆ. ಆರು ಜನ ಇದ್ದದ್ದು ಈಗ ಮೂರು ಜನ. ವಕೀಲರು ಮೆಟ್ಟಿಲಿಳಿಯುತ್ತಾ ನನಗೆ ನಮಸ್ಕಾರ ಹಾಕಿ ಹೋದರು, ಇಷ್ಟಗಲ ನಗು.

ಬೈಯುವುದಿಲ್ಲ. ಬೈಯುವ ಶಕ್ತಿ ಇದ್ದಿದ್ದರೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಖಾನೆಯ ಬೀಗದ ಕಥೆ ಪಿಟೀಲನ್ನು ಕೇಳು. ಕೇಳಲು ಅವಳ ಹತ್ತಿರ ಮಾತಾಡಬೇಕಾಗುತ್ತದೆ, ಅದಕ್ಕೇ ನಾನೇ ಹೇಳುತ್ತಿಲ್ಲ.

ಬರುವುದು ಬಿಡುವುದು ನಿನ್ನಿಷ್ಟ. ಹನ್ನೊಂದು ಗಂಟೆಗೆ.

ಅಕ್ಕ


ಜೂನ್ 14

ಪಿಟೀಲು,

ಸಮಿತಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು, ಇವತ್ತಿನ ಸಭೆಯ ಪಟ್ಟಿಯ ಹಿಂಬದಿಗೆ ಬರೆಯುತ್ತಿದ್ದೇನೆ. ನಿಮ್ಮಪ್ಪ ಬಂದಿದ್ದಾನೆ. ಕೆಳಗೆ ಮುಖ ತೊಳೆಯಲು ಹೋಗಿದ್ದಾನೆ. ಬರುವಷ್ಟರಲ್ಲಿ ಇದನ್ನು ಮುಗಿಸಬೇಕು, ಅಕ್ಷರ ಸೊಟ್ಟಗಿದ್ದರೆ ಓದಿಕೊ.

ಹನ್ನೊಂದೂಕಾಲಾದರೂ ಅವನ ಸುಳಿವಿರಲಿಲ್ಲ. ಕಂಪನಿಯ ವಕೀಲರು ಎದ್ದು, ಮಕ್ಕಳಿಗೆ ಮಾದರಿ ಹಂಚಿದ್ದೇವೆ ಎಂದು ಗುಲ್ಲೆಬ್ಬಿಸಿದವರು ಈಗ ಎಲ್ಲಿ ಎಂದು ಕೇಳುತ್ತಿದ್ದರು. ಆಗ ಹಿಂದಿನ ಬಾಗಿಲು ತೆರೆಯಿತು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಬಸ್ಸಿಳಿದು ಮೂರು ಸಲ ಗೇಟಿನವರೆಗೆ ಬಂದು ವಾಪಸು ಹೋಗಿದ್ದನಂತೆ. ಆಮೇಲೆ ತಾನೇ ಹೇಳಿದ.

ಅಧ್ಯಕ್ಷೆ ಒಬ್ಬ ವಯಸ್ಸಾದ ಹೆಂಗಸು. "ನೀವು ಹೇಳಿಕೆ ವಾಪಸು ತಗೊಂಡಿದ್ದೀರಲ್ಲ?" ಎಂದರು. "ಹೌದು. ಕಂಪನಿ ಹಂಚಿಲ್ಲ. ನಾನು ಬರೆದಿದ್ದು ತಪ್ಪು" ಎಂದ. ವಕೀಲರು ಅಲ್ಲೇ ಕೂತು ಪೆನ್ನಿಗೆ ಮುಚ್ಚಳ ಹಾಕಿದರು. "ಮತ್ತೆ ಯಾಕೆ ಬಂದ್ರಿ?" ಎಂದರು ಅಧ್ಯಕ್ಷೆ.

ಅವನು ಚೀಟಿಯ ನಕಲು ತೆಗೆದು ಮೊದಲ ಸಾಲು ಓದಿದ. ಪುದೀನ ಏನು ಮಾಡುತ್ತದೆ, ಜೇನು ಏನು ಮಾಡುತ್ತದೆ ಎಂದು ನಿಧಾನವಾಗಿ ಹೇಳಿದ. ತೊದಲಲಿಲ್ಲ. ನಾನು ನನ್ನ ತಮ್ಮ ಕೆಲಸದ ಬಗ್ಗೆ ಮಾತಾಡಿದ್ದನ್ನು ಮೊದಲ ಸಲ ಕೇಳಿದೆ. ಆಮೇಲೆ ಹೇಳಿದ: "ಆ ಸಿಗರೇಟಿಗೆ ಜಾಹೀರಾತಿಲ್ಲ. ಅಂಗಡಿ ಇಲ್ಲ. ಹೆಸರೂ ಇಲ್ಲ. ಕಸದ ಬುಟ್ಟಿಗೆ ಬಿದ್ದಿತ್ತು. ಅಲ್ಲಿಂದ್ಲೇ ಒಂದು ಶಾಲೆಯ ಹನ್ನೊಂದು ಮಕ್ಕಳ ಕೈಗೆ ಹೋಯ್ತು. ಒಂದಕ್ಕೂ ಕೆಮ್ಮು ಬರ್ಲಿಲ್ಲ. ನಾನು ಹೇಗೆ ಮಾಡಿದ್ನೋ ಹಾಗೇ ಕೆಲಸ ಮಾಡ್ತು."

ವಕೀಲರು ಮತ್ತೆ ಎದ್ದರು. "ಕಂಪನಿ ಕೊಡ್ಲಿಲ್ಲ, ಅಂಗಡಿಯವರು ಕೊಡ್ಲಿಲ್ಲ ಅಂತೀರಿ. ಹಾಗಾದ್ರೆ ಆ ಮಕ್ಕಳಿಗೆ ಕೊಟ್ಟವರು ಯಾರು ಸ್ವಾಮಿ?"

ಪಿಟೀಲು, ನಿನ್ನ ವಿಷಯ ಬರುತ್ತದೆ ಎಂದುಕೊಂಡೆ.

"ನಾನು" ಎಂದ. "ಮಾಡಿದವನು ನಾನು, ಮನೆಗೆ ತಂದವನು ನಾನು, ಎಸೆದವನು ನಾನು. ಬೇರೆ ಯಾರನ್ನೂ ಹುಡುಕಬೇಡಿ."

ಹನ್ನೊಂದು ಎಂದ, ಗಮನಿಸಿದೆಯಾ? ಹನ್ನೆರಡನೆಯವಳ ಸುದ್ದಿ ಅವನ ಬಾಯಿಂದ ಬರಲಿಲ್ಲ.

ನಾಲ್ಕನೆಯ ಕಲಂ ಉಳಿಯಿತು. ಐದು ಮತ, ನಾಲ್ಕು ಮತ. ಇನ್ನು ಸದನ ಒಪ್ಪಬೇಕು. ಒಪ್ಪಿದರೂ ಜಾರಿಗೆ ಬರುವುದು ಒಂದು ವರ್ಷದ ಮೇಲೆ, ಅಲ್ಲಿಯವರೆಗೆ ಸ್ಟ್ರಾಬೆರಿ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಗೆದ್ದೆವು ಎಂದು ಕುಣಿಯಬೇಕು, ಯಾಕೋ ಕಾಲು ಬರುತ್ತಿಲ್ಲ. ಇದೆಲ್ಲ ಇನ್ನೂ ಶುರು ಮಾಡದವರಿಗಾಯಿತು. ನಿನಗೆ ಇದರಿಂದ ಏನೂ ಆಗಲಿಲ್ಲ, ನನಗೆ ಗೊತ್ತು.

ಹೊರಗೆ ಬಂದವನು ಕೆಲಸದ ಬಗ್ಗೆ ಕೇಳಲಿಲ್ಲ, ಮತದ ಬಗ್ಗೆಯೂ ಕೇಳಲಿಲ್ಲ. "ಅವಳು ದಿನಕ್ಕೆ ಎಷ್ಟು ಸೇದ್ತಾಳಕ್ಕ?" ಎಂದ. ನನಗೆ ಗೊತ್ತಿಲ್ಲ ಎಂದೆ. "ನಾನು ಕೇಳಿದ್ರೆ ಹೇಳ್ತಾಳಾ?" ಅದೂ ಗೊತ್ತಿಲ್ಲ ಎಂದೆ. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಅದಕ್ಕೇ ಮುಖ ತೊಳೆಯಲು ಹೋದದ್ದು.

ಇದನ್ನು ಅಂಚೆಗೆ ಹಾಕುತ್ತಿಲ್ಲ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಹನ್ನೊಂದು ದಿನದಿಂದ ಮಾತಿಲ್ಲದವನಿಗೆ ನಿನ್ನ ಕೋಣೆಯ ಬಾಗಿಲು ತಟ್ಟಲು ಒಂದು ನೆಪ ಬೇಕಲ್ಲ. ನೀನು ಓದಿ ಮುಗಿಸುವಾಗ ಅವನು ಇನ್ನೂ ಎದುರಿಗೇ ನಿಂತಿರುತ್ತಾನೆ. ಹೋಗು ಎಂದರೂ ಹೋಗುವುದಿಲ್ಲ, ಕೂರು ಎಂದರೂ ಕೂರುವುದಿಲ್ಲ. ಕಾಗದ ಪಕ್ಕಕ್ಕಿಟ್ಟು ಅವನ ಮುಖ ನೋಡು. ಇವತ್ತು ಎಷ್ಟು ಸೇದಿದೆ ಎಂದು ಅವನಿಗೆ ಹೇಳು. ಕಡಿಮೆ ಮಾಡಿ ಹೇಳಬೇಡ.

ನಿನ್ನ ಅತ್ತೆ